ಹೊನವಾಡಕ್ಕೆ ಹೋದ ಜೀಪು

ಜೋರಾಪುರ ಪೇಟೆ, ವಿಜಾಪುರ
೩೧ ಮಾರ್ಚ್ ೧೯೭೪

ದೊಡ್ಡ ಸಿಸ್ಟರ್ ಹೆಡ್ವಿಗ್ ಅವರಿಗೆ ದಾವಲಸಾಬ ಮಾಸ್ತರನ ಸಲಾಮು.

ಟಿಕೋಟಾ ಸಂತೆಯಲ್ಲಿ ಬೀಬಿಜಾನಳ ಬಳೆ ಅಂಗಡಿಯಿಂದ ಗುಳಿಗೆ ಕೊಡುವುದು ನಿಂತಿದೆ. ಹೊಸ ಸಿಸ್ಟರ್ ರೆನಾಟೆ ಕಳೆದ ಸಂತೆಯ ದಿನ ಗೋಣಿತಟ್ಟಿನ ಕೆಳಗಿದ್ದ ಡಬ್ಬಿ ಕಂಡು ಅದನ್ನು ದವಾಖಾನೆಗೆ ತೆಗೆದುಕೊಂಡು ಹೋದರು. ಇದನ್ನು ನನಗೆ ಮೊದಲು ಹೇಳಿದವನು ಜೀಪಿನ ಡ್ರೈವರ್ ಗೊಲ್ಲಾಳಪ್ಪ. ಮರುದಿನ ಬೀಬಿಜಾನ ತಾನೇ ಬಸ್ಸು ಹತ್ತಿ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತಳು.

"ಮಾಸ್ತರ, ನಾ ಏನ್ ಕಳುವು ಮಾಡೀನೇನ್ರಿ? ಆ ಹುಡುಗಿ ಡಬ್ಬಿ ಹಿಡಕೊಂಡು ಏನೇನೋ ಅಂದಳು. ನನಗ ತಿಳಿದದ್ದು ಒಂದ ಮಾತು, 'ತಪ್ಪು, ತಪ್ಪು.' ಅದನ್ನ ಕಲಿಸಿದವ್ರು ನೀವ ಅಲ್ಲೇನು?"

ಹೌದು, ಎರಡನೆಯ ವಾರದ ಪಾಠ ಅದು. ಸಿಸ್ಟರ್ ರೆನಾಟೆಯನ್ನು ನಾನು ದೂರುವುದಿಲ್ಲ. ನೀವು ಇಷ್ಟು ವರ್ಷ ನಡೆಸಿದ ಪದ್ಧತಿ ಹೊಸಬರ ಕಣ್ಣಿಗೆ ಹೇಗೆ ಕಾಣುತ್ತದೆ, ನೋಡಿ. ಓದು ಬಾರದ ಬಳೆಗಾರ್ತಿಯೊಬ್ಬಳು ಸಂತೆಯಲ್ಲಿ ಕೂತು, ಹೆಂಗಸರಿಗೆ ಬಳೆ ಸುತ್ತಿದ ಕಾಗದದೊಳಗೆ ಮಹಾರೋಗದ ಗುಳಿಗೆ ಇಟ್ಟು ಕೊಡುತ್ತಾಳೆ. ನೀವು ಅದೇ ಹೆಂಗಸರನ್ನು ಆಕೆಯ ಮನೆಯೊಳಗೆ ಕರೆದು ತಪಾಸಣೆ ಮಾಡುತ್ತಿದ್ದಿರಿ ಎಂಬುದು ಅವರಿಗೆ ಗೊತ್ತಿಲ್ಲ. ಬಳೆ ಇಡಿಸಿಕೊಳ್ಳಲು ಕೂತವಳನ್ನು ಯಾರೂ ಅನುಮಾನಿಸುವುದಿಲ್ಲ, ದವಾಖಾನೆಯ ಮೇಜಿನ ಮುಂದೆ ನಿಂತವಳಿಗೆ ಆ ದಿನದಿಂದ ಊರ ಬಾವಿಯೂ ಇಲ್ಲ ಎಂಬುದೂ ಗೊತ್ತಿಲ್ಲ.

ಸಿಸ್ಟರ್ ಬಂದು ಆರು ವಾರವಾಯಿತು. ದಿನಾ ಬೆಳಿಗ್ಗೆ ನನ್ನ ಮನೆಗೇ ಬಂದು ಪಾಠ ಕಲಿಯುತ್ತಾರೆ. ಎಲ್ಲರಿಗೂ 'ರಿ' ಹಚ್ಚಬೇಕೆಂದು ಹೇಳಿಕೊಟ್ಟಿದ್ದೆ. ದಾರಿಗೆ ಅಡ್ಡ ನಿಂತ ನಮ್ಮ ಮಗ ಜಿಲಾನಿಯ ಆಡಿಗೆ "ಸರೀರಿ" ಎಂದರು. ಪೇಟೆಯ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಈಗ "ಆಡಿಗೂ ಮಾನ ಕೊಡಾಕಿ" ಎಂದು ಮನೆಮನೆಯಲ್ಲಿ ಚಹಾ ಕುಡಿಸುತ್ತಾರೆ.

ನೀವು ಹೊರಡುವ ಮುಂಚೆ ನನ್ನಿಂದಲೂ ಬೀಬಿಜಾನಳಿಂದಲೂ ಮಾತು ತೆಗೆದುಕೊಂಡಿರಿ: ಬಳೆ ಅಂಗಡಿಯ ವಿಷಯ ಹೊರಗಿನವರಿಗೆ, ನಿಮ್ಮ ಮಿಷನ್ ಆಫೀಸಿನವರಿಗೂ, ತಿಳಿಯಬಾರದು ಎಂದು. ಸಿಸ್ಟರ್ ರೆನಾಟೆ ಹೊರಗಿನವರೋ ಒಳಗಿನವರೋ? ಅವರಿಗೆ ಹೇಳಲೋ ಬೇಡವೋ, ಬರೆಯಿರಿ.

ಬರುವ ಸಂತೆಯಿಂದ ಅವರು ಟಿಕೋಟಾ ಬಸ್ ನಿಲ್ದಾಣದ ಹತ್ತಿರ ಬೇವಿನ ಗಿಡದ ಕೆಳಗೆ ಮೇಜು ಹಾಕಿ, ಬೋರ್ಡು ನಿಲ್ಲಿಸಿ ಗುಳಿಗೆ ಕೊಡುತ್ತಾರೆ.

ನಿಮ್ಮ
ದಾವಲಸಾಬ


ಸ್ಟುಟ್‌ಗಾರ್ಟ್
೧೩ ಏಪ್ರಿಲ್ ೧೯೭೪

ದಾವಲಸಾಬ ಮಾಸ್ತರರಿಗೆ ಹೆಡ್ವಿಗಳ ಸಲಾಮು.

ರೆನಾಟೆಗೆ ಹೇಳಬೇಡಿ. ಈಗಲೇ ಬೇಡ.

ಕಾರಣ ಇಷ್ಟೇ. ಅವಳು ತಿಂಗಳಿಗೊಮ್ಮೆ ಆಫೀಸಿಗೆ ವರದಿ ಬರೆಯಬೇಕು. ತಿಳಿದೂ ಬರೆಯದಿದ್ದರೆ ಸುಳ್ಳುಗಾರ್ತಿಯಾಗುತ್ತಾಳೆ. ಬರೆದರೆ ಅವರು ಬೀಬಿಜಾನಳ ಅಂಗಡಿಯ ದಾರಿಯನ್ನು ಪೂರ್ತಿ ಮುಚ್ಚುತ್ತಾರೆ. ಮೇ ತಿಂಗಳ ಕೊನೆಗೆ ಇಲ್ಲಿ ಸಭೆ ಇದೆ. ನಾನೇ ಎದ್ದು ನಿಂತು ಹೇಳುತ್ತೇನೆ. ನನ್ನ ಎದೆಬೇನೆ ಅಷ್ಟಕ್ಕೆ ಅವಕಾಶ ಕೊಟ್ಟೀತು. ಅಲ್ಲಿಯವರೆಗೆ ತಡೆಯಿರಿ.

ಒಂದು ವಿಷಯ ಮಾತ್ರ ತಡೆಯುವಂಥದಲ್ಲ. ಹೊನವಾಡದ ಹಾಜಿರಾಬಿಯ ಮಗಳು ಸಬೀರಾ ನಿಮಗೆ ಗೊತ್ತು. ಬಳೆ ಒಡೆದು ಕಿರುಬೆರಳಿಗೆ ಚುಚ್ಚಿ ರಕ್ತ ಬಂದರೂ ಆ ಹುಡುಗಿ ನಗುತ್ತಲೇ ಕೂತಿದ್ದಳು. ಬೀಬಿಜಾನ ಅವತ್ತೇ ಅವಳನ್ನು ನನ್ನ ಹತ್ತಿರ ಕರೆತಂದಳು. ಎಡ ಮೊಣಕೈ ಮೇಲೆ ಒಂದು ಕಲೆ, ಅಷ್ಟೇ. ಅವಳಿಂದ ಯಾರಿಗೂ ಹತ್ತುವುದಿಲ್ಲ. ಇನ್ನೊಂದು ವರ್ಷ ಗುಳಿಗೆ ನುಂಗಿದರೆ ಮುಗಿಯುತ್ತದೆ. ಈ ಬೇಸಿಗೆಯಲ್ಲಿ ಅವಳ ಲಗ್ನ ಎಂದು ತಾಯಿ ಹೇಳಿದ್ದಳು. ಗುಳಿಗೆಯೂ ತಪ್ಪಬಾರದು, ಹೆಸರೂ ಹೊರಬೀಳಬಾರದು.

ಇಲ್ಲಿ ಇನ್ನೂ ಚಳಿ. ಮೊನ್ನೆ ರೊಟ್ಟಿ ಅಂಗಡಿಯಲ್ಲಿ ಬಾಯಿತಪ್ಪಿ "ಎಷ್ಟ್ರೀ?" ಎಂದೆ. ಅಂಗಡಿಯವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟಳು.

ಹೆಡ್ವಿಗ್


ಜೋರಾಪುರ ಪೇಟೆ, ವಿಜಾಪುರ
೨ ಮೇ ೧೯೭೪

ದೊಡ್ಡ ಸಿಸ್ಟರ್ ಅವರಿಗೆ ಸಲಾಮು.

ಟಿಕೋಟಾದ ಮೇಜಿಗೆ ಈವರೆಗೆ ಒಬ್ಬ ಹೆಂಗಸೂ ಬಂದಿಲ್ಲ. ಗೊಲ್ಲಾಳಪ್ಪ ಹೇಳುವುದು ಇದು, ಬೀಬಿಜಾನ ಹೇಳುವುದೂ ಇದೇ. ಬಂದವರು ದರ್ಗಾದ ಮುಂದೆ ಬೇಡುವ ಮೂವರು ಮುದುಕರು. ಅವರಿಗೆ ಮುಚ್ಚಿಡಲು ಏನೂ ಉಳಿದಿಲ್ಲ.

ಸಬೀರಾಳ ಗುಳಿಗೆ ತಪ್ಪಿಲ್ಲ. ಬೀಬಿಜಾನ ತನ್ನ ಮನೆಯಲ್ಲಿ ಒಂದು ಪೊಟ್ಟಣ ಬೇರೆ ಇಟ್ಟಿದ್ದಳು, ಅದರಿಂದ ಕೊಡುತ್ತಿದ್ದಾಳೆ. ಲಗ್ನ ಗೊತ್ತಾಗಿದೆ. ಹುಡುಗ ಬಬಲೇಶ್ವರದ ಮಲ್ಲಿಕಸಾಬನ ಮಗ, ಸೈಕಲ್ ಅಂಗಡಿ ಇಟ್ಟಿದ್ದಾನೆ. ಮೇ ೧೫ಕ್ಕೆ ಅರಿಷಿಣ, ಮರುದಿನ ನಿಕಾಹ.

ಸಿಸ್ಟರ್ ರೆನಾಟೆ ಮೇಜಿನ ಹಿಂದೆ ಬಿಸಿಲಲ್ಲಿ ಕೂತು ಮುಖ ಸುಟ್ಟುಕೊಂಡಿದ್ದಾರೆ. ಕಡೆಗೆ ಬೀಬಿಜಾನಳಿಗೇ ಕರುಣೆ ಬಂತು. "ಬಾ, ನೆಳ್ಳಾಗ ಕುಂಡ್ರು. ಬೋರ್ಡ ತಾನ ಕಾಯ್ತೈತಿ" ಎಂದು ತಟ್ಟಿನ ಮೇಲೆ ಜಾಗ ಕೊಟ್ಟಳಂತೆ. ಈಗ ಪ್ರತಿ ಸಂತೆಯಲ್ಲಿ ಮಧ್ಯಾಹ್ನದ ನಂತರ ಅಲ್ಲೇ ಕೂರುತ್ತಾರೆ. ಬಳೆಗೆ ಬಂದ ಹೆಂಗಸರ ಜೊತೆ ಮಾತು ಕಲಿಯುತ್ತಾರೆ. ಅವರಲ್ಲಿ ಯಾರು ರೋಗಿ, ಯಾರು ಅಲ್ಲ ಎಂದು ಸಿಸ್ಟರಿಗೆ ತಿಳಿಯದು. ಬೀಬಿಜಾನ ಹೇಳುವುದಿಲ್ಲ.

ಸೋಮವಾರದ ಪಾಠದಲ್ಲಿ ಅವರು ಕೇಳಿದರು: ಯಾರಾದರೂ "ನಮ್ಮ ಮನಿಗೆ ಬರ್ರಿ" ಎಂದರೆ ಹೋಗಬೇಕೇ? ನಾನು, "ಹೋಗಬೇಕ್ರಿ. ಕರದಾಗ ಹೋಗದಿದ್ರ ಸೊಕ್ಕಿನಾಕಿ ಅಂತಾರ" ಎಂದೆ. ಮನೆ ಹುಡುಕುವುದು ಹೇಗೆ ಎಂದರು. "ಇವರ ಮನಿ ಎಲ್ಲಿ ಬರ್ತೈತ್ರಿ?" ಎಂಬ ವಾಕ್ಯ ಕಲಿಸಿದೆ. ಒಂದೇ ಸಲಕ್ಕೆ ನಾಲಿಗೆಗೆ ಬಂತು. ನಾವು ನೂರು ಮಂದಿಗೆ "ಬರ್ರಿ" ಎನ್ನುತ್ತೇವೆ, ಅನ್ನದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅನ್ನುತ್ತೇವೆ. ಬರುವವರು ಇಬ್ಬರು. ಇದನ್ನು ಪಾಠದಲ್ಲಿ ಹೇಗೆ ಹೇಳಬೇಕೋ ತಿಳಿಯದೆ ಬಿಟ್ಟೆ. ಕರೆದವರು ಯಾರೆಂದು ಕೇಳಲಿಲ್ಲ.

ನೀವು ಬರೆದಂತೆ ಅವರಿಗೆ ಏನೂ ಹೇಳಿಲ್ಲ.

ಮೇ ೮ರಿಂದ ರೈಲ್ವೆ ಮುಷ್ಕರ ಎಂದು ಪತ್ರಿಕೆಯಲ್ಲಿ ಬಂದಿದೆ. ಟಪಾಲು ತಡವಾದರೆ ಗಾಬರಿಯಾಗಬೇಡಿ.

ದಾವಲಸಾಬ


ಸ್ಟುಟ್‌ಗಾರ್ಟ್
೧೧ ಮೇ ೧೯೭೪

ಮಾಸ್ತರರೇ,

ಕರೆದವರು ಯಾರು? ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಕೇಳಿ. ಯಾರೇ ಇರಲಿ, ಜೀಪು ಯಾವ ಬಾಗಿಲಿಗೂ ಹೋಗಬಾರದು.

ಅವಳಿಗೆ ಎಲ್ಲವನ್ನೂ ಹೇಳಿಬಿಡಿ. ಬೀಬಿಜಾನ, ಗುಳಿಗೆ, ಸಬೀರಾ, ಎಲ್ಲವನ್ನೂ. ಏಪ್ರಿಲಿನಲ್ಲಿ ಬೇಡ ಎಂದದ್ದು ನನ್ನ ತಪ್ಪು. ಆಗ ನಾನು ಆಫೀಸಿಗೆ ಹೆದರಿದ್ದೆ, ರೋಗಿಗಳ ಹೆಸರಿನಲ್ಲಿ.

ಇದನ್ನು ಇಂದೇ ಟಪಾಲಿಗೆ ಹಾಕುತ್ತೇನೆ.

ಹೆಡ್ವಿಗ್


ಜೋರಾಪುರ ಪೇಟೆ, ವಿಜಾಪುರ
೩೦ ಮೇ ೧೯೭೪

ದೊಡ್ಡ ಸಿಸ್ಟರ್ ಅವರಿಗೆ ಸಲಾಮು.

ಸಬೀರಾಳ ಲಗ್ನ ಮುರಿದಿದೆ. ಮೇ ೧೫ರಂದು ಅರಿಷಿಣದ ಹೊತ್ತಿಗೆ ಸಿಸ್ಟರ್ ರೆನಾಟೆ ಜೀಪಿನಲ್ಲಿ ಹೊನವಾಡಕ್ಕೆ ಹೋದರು. ಕರೆದವಳು ಸಬೀರಾಳೇ. ಮನೆಯ ಹೊರಗೆ ಆದದ್ದನ್ನು ಗೊಲ್ಲಾಳಪ್ಪ ಹೇಳಿದ್ದಾನೆ. ಒಳಗೆ ಆದದ್ದನ್ನು ಬೀಬಿಜಾನ ಹೇಳಿದ್ದಾಳೆ. ಮದುಮಗಳಿಗೆ ಬಳೆ ಇಡಿಸಲು ಆಕೆ ಅಲ್ಲಿದ್ದಳು. ಮೇ ೨ರ ನನ್ನ ಕಾಗದಕ್ಕೆ ನಿಮ್ಮ ಉತ್ತರ ಬಂದಿಲ್ಲ. ಮುಷ್ಕರ ಮುಗಿದರೂ ಟಪಾಲು ಇನ್ನೂ ಸರಿಯಾಗಿಲ್ಲ.

ಗೊಲ್ಲಾಳಪ್ಪನ ಮಾತು: "ನಾ ಅಂದೆರಿ, ಸಿಸ್ಟರ್, ಲಗ್ನದ ಮನಿಗೆ ಬಸ್ಸಿನ್ಯಾಗ ಹೋಗ್ರಿ ಅಂತ. ಯಾಕ ಅಂದ್ರು. ನಾ ಹ್ಯಾಂಗ ಹೇಳ್ಲಿ? ಜೀಪಿನ ಮ್ಯಾಲ ಬರದದ್ದು ಅವ್ರಿಗೆ ಇನ್ನಾ ಓದಾಕ ಬರೂದಿಲ್ಲ, ಊರಿಗೆ ಓದಾಕ ಬರ್ತೈತಿ."

ಜೀಪಿನ ಮೇಲೆ 'ಮಿಷನ್ ಮಹಾರೋಗ ದವಾಖಾನೆ' ಎಂದು ಬರೆದಿದೆ. ಇದು ನಿಮಗೆ ಗೊತ್ತಿದ್ದುದೇ.

ಹೊನವಾಡದ ಬಸ್ ನಿಲ್ದಾಣದಲ್ಲಿ ಸಿಸ್ಟರ್ ಇಳಿದು ಚಹಾ ಅಂಗಡಿಯಲ್ಲಿ ಕೇಳಿದರು, "ಸಬೀರಾನ ಮನಿ ಎಲ್ಲಿ ಬರ್ತೈತ್ರಿ?" ಅಂಗಡಿಯವನು, "ಯಪ್ಪಾ, ಎಷ್ಟ ಛಂದ ಮಾತಾಡ್ತಾಳ ನೋಡ್ರಲೇ! ಯಾವ ಸಬೀರಾರಿ?" ಎಂದ. "ಲಗ್ನದ ಸಬೀರಾ" ಎಂದರು. ಆತ ದಾರಿ ತೋರಿಸಿದ. ಮುಂದೆ ಬಾವಿಯ ಹತ್ತಿರ ಮತ್ತೆ ಕೇಳಿದರು, ಮಸೀದಿಯ ತಿರುವಿನಲ್ಲಿ ಮತ್ತೆ. ದಾರಿ ಸರಿಯಾಗಿಯೇ ಇತ್ತು, ಆದರೂ ಕೇಳಿದರು. ಮಾತು ಬರುತ್ತಿದೆ ಎಂಬ ಖುಷಿಗೆ ಕೇಳಿದರು ಎನ್ನುತ್ತಾನೆ ಗೊಲ್ಲಾಳಪ್ಪ. ಮನೆ ಮುಟ್ಟುವ ಹೊತ್ತಿಗೆ ಜೀಪಿನ ಹಿಂದೆ ಅರ್ಧ ಊರು ಇತ್ತು.

ಒಳಗೆ ಬಬಲೇಶ್ವರದ ಬೀಗರು ಕೂತಿದ್ದರು. ಹುಡುಗನ ಸೋದರತ್ತೆ ಪೀರಾಂಬಿ ಹೊರಗೆ ಹಣಕಿ ನೋಡಿ ಬಂದು ಕೇಳಿದಳು:

"ಆ ಗಾಡಿ ನಮ್ಮೂರಿಗೂ ಬರ್ತೈತಿ. ಎಂಥವರ ಮನಿ ಮುಂದ ನಿಂದರ್ತೈತಿ, ನಮಗ ಗೊತ್ತೈತಿ. ಇಲ್ಲಿ ಯಾಕ ನಿಂತೈತಿ ಬೇ ಹಾಜಿರಾ?"

"ಸಂತ್ಯಾಗ ಗುರ್ತ ಆಗ್ಯಾಳ್ರಿ. ಮಾತು ಕಲಿಯಾಕತ್ತಾಳ, ಅಷ್ಟರಿ," ಎಂದಳು ಹಾಜಿರಾಬಿ.

ಅಷ್ಟರಲ್ಲಿ ಸಿಸ್ಟರ್ ಒಳಗೆ ಬಂದು ಕೈಮುಗಿದು, "ಸಬೀರಾ ಕರದಾಳ್ರಿ. ನಾ ಬಂದೀನ್ರಿ" ಎಂದರು. ಕೈಯಲ್ಲಿ ಒಂದು ಸೀರೆ ಇತ್ತು. ಅವರು ಆಡಿದ ರೀತಿಗೆ ಹೆಂಗಸರೆಲ್ಲ ನಕ್ಕರು. ಪೀರಾಂಬಿಯೂ ನಕ್ಕಳು. ಆ ನಗೆಯಲ್ಲೇ ಮುಗಿದುಹೋಗುತ್ತಿತ್ತು ಎಂದು ಬೀಬಿಜಾನ ಈಗಲೂ ಹೇಳುತ್ತಾಳೆ.

ಆದರೆ ಪೀರಾಂಬಿ ಕೈಗೆ ಅರಿಷಿಣ ತೆಗೆದುಕೊಂಡು, "ತಾ, ನಾನೂ ಹಚ್ತೀನಿ" ಎಂದು ಸಬೀರಾಳ ಎಡತೋಳನ್ನು ಮೇಲಕ್ಕೆ ಸರಿಸಿದಳು. ಕಲೆ ಕಾಣಿಸಿತು. ಸಬೀರಾ ತಡಮಾಡದೆ, "ಹಂಚು ತಾಕಿ ಸುಟ್ಟದ್ದು ಅತ್ತೀ" ಎಂದಳು. ಪೀರಾಂಬಿ ಕಲೆಯನ್ನು ಎರಡನೆಯ ಸಲ ನೋಡಲಿಲ್ಲ. ತಿರುಗಿ ಸಿಸ್ಟರ್ ಮುಖ ನೋಡಿದಳು.

"ಆ ಸಿಸ್ಟರಿಗೆ ಅಲ್ಲೀತನಕ ಗೊತ್ತ ಇರ್ಲಿಲ್ರಿ ಮಾಸ್ತರ," ಎಂದಳು ಬೀಬಿಜಾನ. "ಕಲಿ ಕಂಡ ಕೂಡ್ಲೆ ಮುಖಾ ಸುಣ್ಣ ಆತು. ಬಾಯಿ ಸುಳ್ಳ ಹೇಳ್ತಿತ್ತೇನೋ, ಮುಖಕ್ಕ ಹೊತ್ತ ಸಿಗಲಿಲ್ಲ."

ಪೀರಾಂಬಿ ಕೈ ತೊಳೆಯಲು ನೀರು ಕೇಳಿದಳು. ಯಾರೂ ಏಳಲಿಲ್ಲ. ಅರಿಷಿಣದ ಕೈಯನ್ನು ಗೋಡೆಗೆ ಒರೆಸಿ ಹೊರಟಳು. ಅವಳ ಹಿಂದೆ ಬೀಗರೆಲ್ಲ ಎದ್ದರು.

೨೦ರಂದು ನಾನು ಬಬಲೇಶ್ವರಕ್ಕೆ ಹೋದೆ. ಮಲ್ಲಿಕಸಾಬ ಚಹಾ ತರಿಸಿದ. ಅವಳಿಂದ ಯಾರಿಗೂ ಹತ್ತುವುದಿಲ್ಲ, ವರ್ಷದಲ್ಲಿ ಪೂರ್ತಿ ನೆಟ್ಟಗಾಗುತ್ತಾಳೆ, ದೊಡ್ಡ ಸಿಸ್ಟರೇ ಹೇಳಿದ್ದಾರೆ ಎಂದೆ. ಆತ ಎಲ್ಲ ಕೇಳಿಕೊಂಡ. ಜಗಳವಾಡಲಿಲ್ಲ.

"ಮಾಸ್ತರ, ನೀವು ಓದಿದವ್ರು. ನೀವು ಅಂದದ್ದು ಖರೇನ ಇದ್ದೀತು. ನಿಮ್ಮ ಜಿಲಾನಿಗೂ ಹೆಣ್ಣು ನೋಡಾಕತ್ತೀರಿ ಅಂತ ಕೇಳೀನಿ. ಹುಡುಗಿ ಛಲೋ ಅದಾಳ, ಬಡವರ ಮನಿದು. ನೀವ ತಂದ್ಕೋರಿ. ನಾ ಮುಂದ ನಿಂತು ಲಗ್ನ ಮಾಡಿಸ್ತೀನಿ."

ವಿಜಾಪುರದ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದಲ್ಲಿ ಬಹಳ ಹೊತ್ತು ನಿಂತೆ.

ಬೀಬಿಜಾನಳ ಅಂಗಡಿಗೂ ಈಗ ಹೆಂಗಸರು ಬರುತ್ತಿಲ್ಲ. ಸಿಸ್ಟರ್ ಅಲ್ಲಿ ಕೂರುತ್ತಿದ್ದುದನ್ನು ಸಂತೆಯಲ್ಲಿ ಎಲ್ಲರೂ ನೋಡಿದ್ದರು. ಗುಳಿಗೆ ಒಯ್ಯುತ್ತಿದ್ದವರೂ ಇಲ್ಲ, ಬರೀ ಬಳೆ ಒಯ್ಯುತ್ತಿದ್ದವರೂ ಇಲ್ಲ.

ಸಿಸ್ಟರ್ ರೆನಾಟೆ ಪಾಠಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಸೋಮವಾರ ನಾನೇ ದವಾಖಾನೆಗೆ ಹೋಗುತ್ತೇನೆ.

ದಾವಲಸಾಬ


ಸ್ಟುಟ್‌ಗಾರ್ಟ್
೧೮ ಜೂನ್ ೧೯೭೪

ಮಾಸ್ತರರಿಗೆ,

ನಿಮ್ಮ ಮೇ ೩೦ರ ಕಾಗದ ತಲುಪಿತು. ನನ್ನ ಮೇ ೧೧ರ ಕಾಗದ ನಿಮಗೆ ಈಗಾಗಲೇ ಸಿಕ್ಕಿರಬಹುದು. ಅದನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ.

ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಟಿಪ್ಪಣಿ ಮಾಡಿಕೊಂಡರು. ನಂತರ ಹೊಸ ಜೀಪಿಗೆ ಹಣ ಮಂಜೂರು ಮಾಡಿದರು.

ಜಿಲಾನಿಯ ವಿಷಯ ನೀವು ಬರೆದ ಸಾಲನ್ನು ಎರಡು ಸಲ ಓದಿದೆ. ನಾನು ನಿಮ್ಮನ್ನು ಏನೂ ಕೇಳುವುದಿಲ್ಲ. ನನಗೆ ಮಗನಿಲ್ಲ.

ಸಬೀರಾ ಎಲ್ಲಿದ್ದಾಳೆ, ಬರೆಯಿರಿ.

ಹೆಡ್ವಿಗ್


ಮಿಷನ್ ದವಾಖಾನೆ, ವಿಜಾಪುರ
೨೮ ಜುಲೈ ೧೯೭೪

ಪ್ರೀತಿಯ ಸಿಸ್ಟರ್ ಹೆಡ್ವಿಗ್ ಅವರ ಪಾದಗಳಿಗೆ ರೆನಾಟೆಯ ನಮಸ್ಕಾರ.

ಸಬೀರಾ ಇಲ್ಲಿ ಇದ್ದಾಳೆ. ಮಾಸ್ತರರು ನಿಮಗೆ ಬರೆಯಲಿಲ್ಲ ಎಂದು ಹೇಳಿದರು. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಬರೆದರೆ ನನಗೆ ಬಹಳ ಮಾತು ಬರುತ್ತದೆ. ಕನ್ನಡದಲ್ಲಿ ಗೊತ್ತಿರುವಷ್ಟನ್ನೇ ಬರೆಯಬಹುದು. ಇದನ್ನು ಮಾಸ್ತರರಿಗೆ ತೋರಿಸುವುದಿಲ್ಲ. ತಪ್ಪು ಇದ್ದರೆ ಇರಲಿ.

ಜೂನ್ ಮೊದಲ ವಾರ ನಿಮ್ಮ ಕಾಗದ ಬಂತು. ಮಾಸ್ತರರು ಅದನ್ನು ನನಗೆ ಓದಿದರು. ಬಳೆ ಅಂಗಡಿಯ ವಿಷಯ ಎಲ್ಲ ಹೇಳಿದರು. ಹೇಳಿ ಮುಗಿದ ಮೇಲೆ ಅವರು ಕನ್ನಡಕ ಒರೆಸಿದರು. ನಾನು ನಾಳೆ ಪಾಠಕ್ಕೆ ಬರುತ್ತೇನೆ ಎಂದೆ.

ಜೂನ್ ಕೊನೆಗೆ ಹಾಜಿರಾಬಿ ಮಗಳನ್ನು ಕರೆದುಕೊಂಡು ಬಂದರು. ಒಂದು ಟ್ರಂಕು ಇತ್ತು. ಅದರಲ್ಲಿ ಲಗ್ನದ ಬಟ್ಟೆ ಇತ್ತು. ನಾನು ಹೇಳಿದೆ: ಇವಳು ಇಲ್ಲಿ ಇರಬೇಕಾಗಿಲ್ಲ, ಮನೆಯಲ್ಲಿ ಇದ್ದು ಗುಳಿಗೆ ನುಂಗಿದರೆ ಸಾಕು. ಹಾಜಿರಾಬಿ ಹೇಳಿದರು:

"ನಿಮಗ ಬ್ಯಾಡಾದ್ರ ಎಲ್ಲಿಗೆ ಒಯ್ಲಿ ಬೇ? ನನಗ ಇನ್ನೊಬ್ಬಾಕಿ ಮಗಳದಾಳ. ಇಕಿ ಪುಣೆಕ್ಕ ಕಾಕಾನ ಮನಿಗೆ ಹೋಗ್ಯಾಳ ಅಂತ ಊರಾಗ ಹೇಳೀನಿ."

ನನಗೆ ಎಲ್ಲ ಮಾತು ತಿಳಿಯಿತು. ಯಾವ ಮಾತನ್ನೂ ಎರಡು ಸಲ ಕೇಳಬೇಕಾಗಲಿಲ್ಲ.

ಸಬೀರಾಳಿಗೆ ನಿಮ್ಮ ಹಳೆಯ ಕೋಣೆ ಕೊಟ್ಟಿದ್ದೇನೆ. ಹೊನವಾಡದವರು ಯಾರಾದರೂ ನೋಡಬಹುದು, ಅದಕ್ಕೆ ಅವಳು ಕಂಪೌಂಡ್ ಬಿಟ್ಟು ಹೋಗುವುದಿಲ್ಲ. ಕಿರುಬೆರಳು ಸ್ವಲ್ಪ ಬಾಗಿದೆ. ದಿನಾ ಎಣ್ಣೆ ಹಚ್ಚಿ ನೆಟ್ಟಗೆ ಮಾಡಿಸುತ್ತೇನೆ. ಬಳೆ ಇಟ್ಟುಕೊಳ್ಳುವುದಿಲ್ಲ. ಮೊದಲ ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಈಗ ನಾನು ತಪ್ಪು ಮಾತಾಡಿದರೆ ಮಾತ್ರ ತಿದ್ದುತ್ತಾಳೆ. ಆದ್ದರಿಂದ ನಾನು ಒಮ್ಮೊಮ್ಮೆ ಬೇಕೆಂದು ತಪ್ಪು ಮಾತಾಡುತ್ತೇನೆ.

ಒಂದು ದಿನ ನಾನು ಕೇಳಿದೆ: ನನ್ನನ್ನು ಯಾಕೆ ಕರೆದೆ? ಅವಳು ಹೇಳಿದಳು: "ಎಲ್ಲಾರಿಗೂ ಅಂತೀವ್ರಿ ಅಕ್ಕಾ. ನಿಮ್ಮ ಒಬ್ಬರಿಗೆ ಬಿಟ್ಟು ಉಳದವ್ರಿಗೆ ಅಂದಿದ್ರ ನಿಮಗ ಬ್ಯಾಸರ ಆಗ್ತಿರಲಿಲ್ಲೇನು?" ಆಮೇಲೆ ಹೇಳಿದಳು: "ನಿಮಗ ನನ್ನ ರೋಗದ್ದು ಗೊತ್ತೈತಿ ಅಂತ ತಿಳಿದಿದ್ದೆ. ಗೊತ್ತಿದ್ದವ್ರು ಬರೂದಿಲ್ಲ ಅಂತ ತಿಳಿದಿದ್ದೆ."

ಬೀಬಿಜಾನ ಟಿಕೋಟಾ ಬಿಟ್ಟು ಮಗಳ ಊರಿಗೆ ಹೋದರು. ನಾನು ಗಿಡದ ಕೆಳಗೆ ಮೇಜು ಹಾಕುವುದನ್ನು ನಿಲ್ಲಿಸಿದೆ. ಬೋರ್ಡು ಗೋದಾಮಿನಲ್ಲಿ ಇದೆ. ನೀವು ನೋಡುತ್ತಿದ್ದ ಹೆಂಗಸರು ಎಲ್ಲಿದ್ದಾರೆ, ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೋಗಿ ಕೇಳುವ ಹಾಗಿಲ್ಲ.

ಭಾನುವಾರದ ಪ್ರಾರ್ಥನೆಯಲ್ಲಿ ನಾನು ಕನ್ನಡದಲ್ಲಿ ಓದಿದೆ. ಎಲ್ಲರೂ ಚೆನ್ನಾಗಿ ಓದಿದಿರಿ ಎಂದರು.

ಮಾಸ್ತರರ ಮಗ ಜಿಲಾನಿಗೆ ಲಗ್ನ ಗೊತ್ತಾಗಿದೆ. ಹುಡುಗಿ ಸಿಂದಗಿಯವಳು. ನಿನ್ನೆ ಪಾಠ ಮುಗಿದ ಮೇಲೆ ಮಾಸ್ತರರು ಪುಸ್ತಕ ಮುಚ್ಚಿ, "ಲಗ್ನಕ್ಕ ಬರ್ರಿ ಸಿಸ್ಟರ್" ಎಂದರು. ನಾನು "ಆಗಲ್ರಿ" ಎಂದೆ. ನಾನು ಹೋಗುವುದಿಲ್ಲ. ಅವರಿಗೂ ಅದು ಗೊತ್ತಿದೆ.

ಆಗಸ್ಟ್ ೫, ಸೋಮವಾರ, ಹೊನವಾಡದಲ್ಲಿ ಸಬೀರಾಳ ತಂಗಿಯ ನಿಶ್ಚಯ ಇದೆ. ಅಂದು ಜೀಪು ಆ ಊರಿನ ಕಡೆ, ಟಿಕೋಟಾ ರಸ್ತೆಗೆ, ಹೋಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಸಬೀರಾಳಿಗೆ ಗುಳಿಗೆ ಕೊಡುತ್ತೇನೆ.

ರೆನಾಟೆ